ಎಚ್ಚರವೂ ಚಿಕಿತ್ಸೆಯೇ: ಅಂಗಾಂಗ ಕಸಿಯಲ್ಲಿ ನಾವು ಕೇಳದೆ ಬಿಡುವ ಪ್ರಶ್ನೆ

ಮಧುಮೇಹ, ರಕ್ತದೊತ್ತಡಗಳು ಹಳ್ಳಿಗಳನ್ನೂ ಬಿಡದೆ ವ್ಯಾಪಿಸಿರುವ ಈ ಕಾಲದಲ್ಲಿ ಮೂತ್ರಪಿಂಡ ವೈಫಲ್ಯವೆಂಬುದು ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಸದ್ಭಕ್ತರಿಗೆ ಅಪರಿಚಿತವಾದ ಮಾತಾಗಿ ಉಳಿದಿಲ್ಲ. ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಹೋಗಿಬರುವವರು ನಮ್ಮ ನೆರೆಹೊರೆಯಲ್ಲಿಯೇ ಇದ್ದಾರೆ. ಅವರಲ್ಲಿ ಕೆಲವರಿಗೆ ತಾಯಿಯೋ ಮಡದಿಯೋ ಸೋದರಿಯೋ ಒಂದು ಮೂತ್ರಪಿಂಡವನ್ನು ಕೊಡಲು ಮುಂದಾಗುತ್ತಾರೆ. ಇನ್ನು ಕೆಲವರು ಸರ್ಕಾರದ ‘ಜೀವಸಾರ್ಥಕತೆ’ ಯೋಜನೆಯಲ್ಲಿ ಹೆಸರು ನೋಂದಾಯಿಸಿ, ಯಾರೋ ಪುಣ್ಯಾತ್ಮರ ಕುಟುಂಬವು ಮಾಡುವ ಅಂಗದಾನಕ್ಕಾಗಿ ಕಾದಿರುತ್ತಾರೆ.

ಕಸಿಯ ದಿನ ನಿಶ್ಚಯವಾದ ಮೇಲೆ ಆ ಮನೆಯವರು ಕೇಳುವ ಪ್ರಶ್ನೆಗಳನ್ನು ಬಹಳ ವರ್ಷಗಳಿಂದ ಆಲಿಸುತ್ತ ಬಂದಿದ್ದೇನೆ. ಖರ್ಚು ಎಷ್ಟಾದೀತು? ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಅನುಭವಿಗಳೇ? ಒಳಗೆ ಕರೆದುಕೊಂಡು ಹೋಗುವಾಗ ಇಷ್ಟಲಿಂಗವನ್ನು ಯಾರ ಕೈಯಲ್ಲಿ ಇಡಬೇಕು? ಆಮೇಲೆ ಮುದ್ದೆ ಉಣ್ಣಬಹುದೇ, ರಸಬಾಳೆ ತಿನ್ನಬಹುದೇ? ಇವೆಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಆದರೆ ‘ರೋಗಿಯನ್ನು ಎಚ್ಚರಗೊಳಿಸುವುದು ಹೇಗೆ? ಅವನು ಪೂರ್ತಿ ಎಚ್ಚೆತ್ತನೆಂಬುದನ್ನು ಹೇಗೆ ತಿಳಿಯುತ್ತೀರಿ?’ ಎಂದು ಕೇಳಿದವರನ್ನು ನಾನು ಕಂಡಿದ್ದು ಅಪರೂಪ. ಮಲಗಿಸಿದವರು ಎಬ್ಬಿಸುತ್ತಾರೆ, ಮತ್ತು ಇಳಿದರೆ ತಾನೇ ಏಳುತ್ತಾನೆ ಎಂಬುದು ಜನರ ನಂಬಿಕೆ.

ಈ ನಂಬಿಕೆ ಅರ್ಧ ಮಾತ್ರ ಸರಿ. ಅಂಗಾಂಗ ಕಸಿಯಂಥ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಎಚ್ಚರವು ತಾನಾಗಿ ಬರುವುದಲ್ಲ, ತರಿಸಬೇಕಾದದ್ದು. ಅದೂ ಒಂದು ಚಿಕಿತ್ಸೆಯೇ. ಅದಕ್ಕೂ ಔಷಧಿಯುಂಟು, ಮಾತ್ರೆಯುಂಟು, ಅಳತೆಯುಂಟು. ಆ ಅಳತೆ ನಡೆಯುವಂತೆ ಕೇಳುವುದು ನಮ್ಮ ಹಕ್ಕು. ಅದಕ್ಕೆ ಬೇಕಾದ ಮಾಹಿತಿಯನ್ನು ಮುಚ್ಚಿಡದೆ ಕೊಡುವುದು ನಮ್ಮ ಕರ್ತವ್ಯ. ಆಯುರ್ವೇದದವನಿಗೆ ಈ ವಿಷಯ ಏಕೆ ಎಂದು ಕೆಲವರು ಕೇಳಬಹುದು. ರೋಗಿಗಳು ಅರಿವಳಿಕೆ ತಜ್ಞರ ಮುಂದೆ ಬಹಳ ಸಲ ಮುಚ್ಚಿಡುವುದು ನಮ್ಮ ಚೂರ್ಣ, ಕಷಾಯ, ಭಸ್ಮಗಳನ್ನೇ. ಆದ್ದರಿಂದ ಈ ಮಾತನ್ನು ನಮ್ಮವರೇ ಹೇಳಬೇಕಾಗಿದೆ.

ಅರಿವಳಿಕೆಯ ಮೂರು ಕೆಲಸ

ಪೂರ್ಣ ಅರಿವಳಿಕೆ ಎಂದರೆ ಒಂದೇ ಚುಚ್ಚುಮದ್ದು ಎಂಬ ಕಲ್ಪನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅಲ್ಲಿ ಮೂರು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಮೊದಲನೆಯದು ನಿದ್ರೆ, ಅಂದರೆ ಪ್ರಜ್ಞೆಯನ್ನು ತಾತ್ಕಾಲಿಕವಾಗಿ ಮರೆಮಾಡುವುದು. ಎರಡನೆಯದು ನೋವಿನ ಶಮನ. ಮೂರನೆಯದು ದೇಹದ ಸ್ನಾಯುಗಳನ್ನು ಸಂಪೂರ್ಣವಾಗಿ ಸಡಿಲಗೊಳಿಸುವುದು. ಈ ಮೂರಕ್ಕೂ ಬೇರೆ ಬೇರೆ ಔಷಧಿಗಳಿವೆ. ಅವು ದೇಹದಿಂದ ಇಳಿದುಹೋಗುವ ಕಾಲವೂ ಬೇರೆ ಬೇರೆ.

ಮೂತ್ರಪಿಂಡದ ಕಸಿಯಲ್ಲಿ ಶಸ್ತ್ರವೈದ್ಯರು ಹೊಸ ಮೂತ್ರಪಿಂಡದ ರಕ್ತನಾಳಗಳನ್ನು ರೋಗಿಯ ಕಿಬ್ಬೊಟ್ಟೆಯ ರಕ್ತನಾಳಗಳಿಗೆ ಅತಿ ಸೂಕ್ಷ್ಮವಾದ ದಾರದಿಂದ ಹೊಲಿಯಬೇಕು. ಆ ಹೊತ್ತಿನಲ್ಲಿ ರೋಗಿ ಒಮ್ಮೆ ಕೆಮ್ಮಿದರೂ ಹೊಟ್ಟೆಯ ಸ್ನಾಯುಗಳು ಬಿಗಿದು ಹೊಲಿಗೆ ಹರಿಯುವ ಅಪಾಯವಿದೆ. ಆದ್ದರಿಂದಲೇ ಸ್ನಾಯು ಸಡಿಲಿಸುವ ಔಷಧಿಯನ್ನು ಕೊಡುವುದು. ಆ ಔಷಧಿ ಉಸಿರಾಟದ ಸ್ನಾಯುಗಳನ್ನೂ ಬಿಡುವುದಿಲ್ಲ. ವಪೆ ನಿಲ್ಲುತ್ತದೆ, ಗಂಟಲು ಸಡಿಲವಾಗುತ್ತದೆ, ರೋಗಿಯ ಉಸಿರನ್ನು ನಳಿಕೆಯ ಮೂಲಕ ಯಂತ್ರವೇ ಆಡಿಸಬೇಕಾಗುತ್ತದೆ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಆ ಉಸಿರನ್ನು ರೋಗಿಗೆ ಮರಳಿ ಒಪ್ಪಿಸುವುದೇ ಅರಿವಳಿಕೆ ತಜ್ಞರ ಕೊನೆಯ ಮತ್ತು ಅತಿ ನಾಜೂಕಾದ ಕೆಲಸ. ಅವರು ಇದನ್ನು ‘ರಿವರ್ಸಲ್’ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ‘ಸಡಿಲಿಕೆಯ ನಿವಾರಣೆ’ ಎನ್ನೋಣ.

ನಂಜು, ಅಳತೆ, ಪ್ರತಿವಿಷ

ಸ್ನಾಯು ಸಡಿಲಿಸುವ ಔಷಧಿಯ ಮೂಲ ಒಂದು ವಿಷ. ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನ ಮೂಲನಿವಾಸಿಗಳು ಕೆಲವು ಬಳ್ಳಿಗಳ ರಸವನ್ನು ಕುದಿಸಿ ‘ಕ್ಯುರಾರೆ’ ಎಂಬ ಪಾಕ ಮಾಡಿ ಬಾಣದ ಮೊನೆಗೆ ಹಚ್ಚುತ್ತಿದ್ದರು. ಆ ಬಾಣ ತಾಗಿದ ಪ್ರಾಣಿ ಎಚ್ಚರವಾಗಿದ್ದಂತೆಯೇ ಅಲುಗಾಡಲಾರದೆ, ಉಸಿರು ನಿಂತು ಬೀಳುತ್ತಿತ್ತು. ಆ ವಿಷ ಜಠರದಿಂದ ರಕ್ತಕ್ಕೆ ಅಷ್ಟಾಗಿ ಸೇರದ ಕಾರಣ ಅದರ ಮಾಂಸ ತಿಂದವರಿಗೆ ಕೇಡಿರಲಿಲ್ಲ. ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಹೆರಾಲ್ಡ್ ಗ್ರಿಫಿತ್ ಎಂಬ ಅರಿವಳಿಕೆ ತಜ್ಞರು 1942ರ ಜನವರಿಯಲ್ಲಿ ಇದೇ ವಿಷದ ಶುದ್ಧ ರೂಪವನ್ನು ಶಸ್ತ್ರಚಿಕಿತ್ಸೆಯ ವೇಳೆ ರೋಗಿಗೆ ಕೊಟ್ಟು, ಸುರಕ್ಷಿತವಾಗಿ ಎಚ್ಚರಗೊಳಿಸಿದರು. ಇಂದಿನ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಬಳಸುವ ಅಟ್ರಾಕ್ಯೂರಿಯಂ, ವೆಕ್ಯುರೋನಿಯಂ, ರೊಕ್ಯುರೋನಿಯಂ ಮುಂತಾದವು ಕ್ಯುರಾರೆಯಂತೆಯೇ ಕೆಲಸ ಮಾಡುವ, ಪ್ರಯೋಗಾಲಯದಲ್ಲಿ ರೂಪಿಸಿದ ಔಷಧಿಗಳು.

ವಿಷವೆಂದ ಮಾತ್ರಕ್ಕೆ ನಮ್ಮ ಸೀಮೆಯವರು ಬೆಚ್ಚಬೇಕಾಗಿಲ್ಲ. ನಾವು ನಂಜುಂಡನ ಊರಿನವರು. ಹಾಲಾಹಲವನ್ನು ಕಂಠದಲ್ಲಿಯೇ ನಿಲ್ಲಿಸಿ ಲೋಕವನ್ನು ಕಾದವನೆಂದು ಶ್ರೀಕಂಠೇಶ್ವರನನ್ನು ಕೊಂಡಾಡುವವರು. ಟಿಪ್ಪು ಸುಲ್ತಾನನ ಆನೆಯ ಕಣ್ಣನ್ನು ಗುಣಪಡಿಸಿದನೆಂಬ ಐತಿಹ್ಯದಿಂದ ಅವನನ್ನು ಹಕೀಂ ನಂಜುಂಡನೆಂದೂ ಕರೆಯುವವರು. ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲಿನಲ್ಲಿ ಗುಂಜಾ ನರಸಿಂಹಸ್ವಾಮಿಯ ಬೆರಳ ನಡುವೆ ಇರುವುದು ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಗುಲಗಂಜಿ ನಮ್ಮ ಶಾಸ್ತ್ರದಲ್ಲಿ ಉಪವಿಷಗಳ ಸಾಲಿಗೆ ಸೇರಿದ್ದು. ಶೋಧನೆಯಾಗದೆ ಅದನ್ನು ಬಳಸುವಂತಿಲ್ಲ. ಅದೇ ಗುಲಗಂಜಿ ಔಷಧಿ ತೂಗುವ ಅಳತೆಯೂ ಹೌದು. ಒಂದು ಗುಂಜಿ ಎಂದರೆ ಸುಮಾರು 125 ಮಿಲಿಗ್ರಾಂ. ವಿಷವೂ ಅಳತೆಯೂ ಒಂದೇ ಬೀಜದಲ್ಲಿ ಇರುವುದನ್ನು ಕಂಡವರಿಗೆ, ಯುಕ್ತಿಯಿಂದ ಬಳಸಿದರೆ ವಿಷವೂ ಔಷಧಿಯಾಗುತ್ತದೆ, ಯುಕ್ತಿ ತಪ್ಪಿದರೆ ಔಷಧಿಯೂ ವಿಷವಾಗುತ್ತದೆ ಎಂಬ ಚರಕಾಚಾರ್ಯರ ಅಭಿಪ್ರಾಯವನ್ನು ಬೇರೆ ವಿವರಿಸಬೇಕಾಗಿಲ್ಲ.

ಕ್ಯುರಾರೆಗೆ ದೊರೆತ ಪ್ರತಿವಿಷವೂ ಇನ್ನೊಂದು ವಿಷವೇ. ಪಶ್ಚಿಮ ಆಫ್ರಿಕಾದ ಕ್ಯಾಲಬಾರ್ ಪ್ರಾಂತದ ಒಂದು ಬೀಜದಲ್ಲಿರುವ ಫೈಸೋಸ್ಟಿಗ್ಮಿನ್ ಎಂಬ ಸತ್ವವು ಕ್ಯುರಾರೆಯ ಪ್ರಭಾವವನ್ನು ತೆಗೆಯಬಲ್ಲುದೆಂದು ವಿಯೆನ್ನಾದ ಯಾಕೋಬ್ ಪಾಲ್ ಎಂಬ ವೈದ್ಯರು 1900ರಲ್ಲಿ ಕಂಡುಕೊಂಡರು. ಮುಳ್ಳನ್ನು ಮುಳ್ಳಿನಿಂದ ತೆಗೆದಂತೆ. ಅದೇ ಬಗೆಯಲ್ಲಿ ಕೆಲಸ ಮಾಡುವ ನಿಯೋಸ್ಟಿಗ್ಮಿನ್ ಎಂಬ ಕೃತಕ ಔಷಧಿಯು 1931ರಲ್ಲಿ ಸಿದ್ಧವಾಯಿತು; ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಅದೇ. 50 ಕಿಲೋ ತೂಕದ ವ್ಯಕ್ತಿಗೆ ಅದರ ಪೂರ್ಣ ಮಾತ್ರೆ ಸುಮಾರು 2.5 ಮಿಲಿಗ್ರಾಂ, ಅಂದರೆ ಒಂದು ಗುಲಗಂಜಿ ತೂಕದಲ್ಲಿ 50ನೆಯ ಒಂದು ಭಾಗ.

ಮಲಗಿಸುವುದಕ್ಕೆ ಒಂದು, ಎಬ್ಬಿಸುವುದಕ್ಕೆ ಒಂದು ಎಂಬ ವಿವೇಕ ನಮ್ಮ ದೇಶದ ಕಥೆಗಳಲ್ಲಿಯೂ ಇದೆ. ಬಲ್ಲಾಳ ಕವಿಯ ‘ಭೋಜಪ್ರಬಂಧ’ದಲ್ಲಿ ಭೋಜರಾಜನ ತಲೆಯ ಶಸ್ತ್ರಚಿಕಿತ್ಸೆಗೆ ಮುನ್ನ ಮೂರ್ಛೆಗೊಳಿಸುವ ಔಷಧಿಯನ್ನೂ, ಮುಗಿದ ಮೇಲೆ ಚೇತರಿಸುವ ಸಂಜೀವಿನಿಯನ್ನೂ ಕೊಟ್ಟ ಪ್ರಸಂಗ ಬರುತ್ತದೆ. ಅದನ್ನು ಇತಿಹಾಸವೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಎಬ್ಬಿಸುವ ಔಷಧಿಯಿಲ್ಲದೆ ಮಲಗಿಸುವ ಔಷಧಿ ಅಪೂರ್ಣವೆಂಬುದು ಕಥೆಗಾರನಿಗೂ ಹೊಳೆದಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

ತೂಬಿನ ಅಡ್ಡವನ್ನು ತೆಗೆಯುವ ಎರಡು ಬಗೆ

ಕಬಿನಿ ನಾಲೆಯ ನೀರಿನಲ್ಲಿ ಗದ್ದೆ ಮಾಡುವವರಿಗೆ ಈ ಪ್ರಕ್ರಿಯೆಯನ್ನು ತಿಳಿಸುವುದು ಸುಲಭ. ನರವು ಸ್ನಾಯುವಿಗೆ ಆಜ್ಞೆ ಕಳಿಸುವುದು ಅಸಿಟೈಲ್‌ಕೋಲಿನ್ ಎಂಬ ರಸದ ಮೂಲಕ. ನರವನ್ನು ನಾಲೆ ಎಂದೂ ಸ್ನಾಯುವನ್ನು ಗದ್ದೆ ಎಂದೂ ಆ ರಸವನ್ನು ನೀರು ಎಂದೂ ಭಾವಿಸೋಣ. ಸ್ನಾಯು ಸಡಿಲಿಸುವ ಔಷಧಿಯು ತೂಬಿನ ಬಾಯಲ್ಲಿ ಸಿಕ್ಕಿಕೊಂಡ ಕಸದಂತೆ ಅಡ್ಡ ಕುಳಿತುಕೊಳ್ಳುತ್ತದೆ. ನಾಲೆಯಲ್ಲಿ ನೀರಿದ್ದರೂ ಗದ್ದೆಗೆ ಹರಿಯುವುದಿಲ್ಲ.

ನಿಯೋಸ್ಟಿಗ್ಮಿನ್ ಆ ಕಸವನ್ನು ಮುಟ್ಟುವುದಿಲ್ಲ. ಅಸಿಟೈಲ್‌ಕೋಲಿನ್ ರಸವನ್ನು ಕ್ಷಣಕ್ಷಣಕ್ಕೂ ಒಡೆದುಹಾಕುವ ಒಂದು ಕಿಣ್ವ ನಮ್ಮ ದೇಹದಲ್ಲಿದೆ. ಅದು ನಾಲೆಯಿಂದ ಸೋರಿಹೋಗುವ ನೀರಿನಂತೆ. ನಿಯೋಸ್ಟಿಗ್ಮಿನ್ ಆ ಸೋರಿಕೆಯನ್ನು ಕಟ್ಟುತ್ತದೆ. ನೀರಿನ ಮಟ್ಟ ಏರುತ್ತದೆ, ಒತ್ತಡಕ್ಕೆ ಕಸ ಪಕ್ಕಕ್ಕೆ ಸರಿಯುತ್ತದೆ. ಆದರೆ ಕಸ ತೂಬಿನ ತುಂಬ ಗಟ್ಟಿಯಾಗಿ ಕುಳಿತಿದ್ದರೆ ಎಷ್ಟು ನೀರು ಏರಿದರೂ ಪ್ರಯೋಜನವಾಗದು. ಆದ್ದರಿಂದ ಸಡಿಲಿಕೆ ಸ್ವಲ್ಪಮಟ್ಟಿಗೆ ತಾನೇ ಇಳಿಯುವವರೆಗೆ ಕಾದು ಅನಂತರವೇ ನಿಯೋಸ್ಟಿಗ್ಮಿನ್ ಕೊಡಬೇಕು. ಅದು ಕೆಲಸ ಮಾಡಲು ಹತ್ತು ನಿಮಿಷ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಏರಿದ ನೀರು ಬೇರೆ ಕಡೆಗೂ ನುಗ್ಗುವುದರಿಂದ ಹೃದಯದ ಬಡಿತ ನಿಧಾನವಾಗುವುದು, ಬಾಯಲ್ಲಿ ಜೊಲ್ಲು ಹೆಚ್ಚುವುದು ಉಂಟು. ಅದನ್ನು ತಡೆಯಲು ಗ್ಲೈಕೋಪೈರೋಲೇಟ್ ಅಥವಾ ಅಟ್ರೊಪಿನ್ ಎಂಬ ಮತ್ತೊಂದು ಔಷಧಿಯನ್ನು ಜೊತೆಯಲ್ಲಿಯೇ ಕೊಡುತ್ತಾರೆ.

ಎರಡನೆಯ ಬಗೆ ಈ ಶತಮಾನದ್ದು. ಸುಗಮ್ಮಡೆಕ್ಸ್ ಎಂಬ ಔಷಧಿಗೆ 2008ರಲ್ಲಿ ಯೂರೋಪಿನಲ್ಲಿಯೂ 2015ರಲ್ಲಿ ಅಮೆರಿಕದಲ್ಲಿಯೂ ಅನುಮತಿ ದೊರೆಯಿತು. ಪಿಷ್ಟದಿಂದ ದೊರೆಯುವ ಎಂಟು ಸಕ್ಕರೆಯ ಕಣಗಳನ್ನು ಬಳೆಯಂತೆ ಜೋಡಿಸಿದ ರಚನೆ ಅದು. ರೊಕ್ಯುರೋನಿಯಂ ಕಣವನ್ನು ಆ ಬಳೆ ತನ್ನೊಳಗೆ ಹಿಡಿದು ಕೂಡಿಸಿಕೊಳ್ಳುತ್ತದೆ. ಅಂದರೆ ತೂಬಿನ ಕಸವನ್ನೇ ಎತ್ತಿ ಹಾಕುತ್ತದೆ. ಆಳವಾದ ಸಡಿಲಿಕೆಯನ್ನೂ ಅದು ಕೆಲವೇ ನಿಮಿಷಗಳಲ್ಲಿ ನಿವಾರಿಸಬಲ್ಲದು. ಆದರೆ ಅದು ರೊಕ್ಯುರೋನಿಯಂ, ವೆಕ್ಯುರೋನಿಯಂಗಳಿಗೆ ಮಾತ್ರ ಒಗ್ಗುತ್ತದೆ. ಅಟ್ರಾಕ್ಯೂರಿಯಂ ಮೇಲೆ ಅದರ ಆಟ ನಡೆಯದು. ಬೆಲೆಯೂ ನಿಯೋಸ್ಟಿಗ್ಮಿನ್‌ಗಿಂತ ಹಲವು ಪಟ್ಟು ಹೆಚ್ಚು.

ಮೂತ್ರಪಿಂಡ ಸೋತವರ ವಿಷಯವೇ ಬೇರೆ

ಔಷಧಿ ಯಾವ ದಾರಿಯಿಂದ ದೇಹವನ್ನು ಬಿಟ್ಟು ಹೋಗುತ್ತದೆ ಎಂಬುದು ಕಸಿಯ ರೋಗಿಯಲ್ಲಿ ಬಹಳ ಮುಖ್ಯವಾಗುತ್ತದೆ, ಏಕೆಂದರೆ ಆ ದಾರಿಗಳಲ್ಲಿ ಒಂದು ಮುಚ್ಚಿಹೋಗಿದೆ. ಈ ಕಾರಣಕ್ಕೆ ಮೂತ್ರಪಿಂಡದ ಕಸಿಯಲ್ಲಿ ಅಟ್ರಾಕ್ಯೂರಿಯಂ ಮತ್ತು ಅದರ ಪರಿಷ್ಕೃತ ರೂಪವಾದ ಸಿಸ್‌ಅಟ್ರಾಕ್ಯೂರಿಯಂಗಳಿಗೆ ಅರಿವಳಿಕೆ ತಜ್ಞರು ಬಹುಕಾಲದಿಂದ ಆದ್ಯತೆ ಕೊಟ್ಟಿದ್ದಾರೆ. ಇವು ಹೆಚ್ಚಿನಂಶ ಮೂತ್ರಪಿಂಡ, ಯಕೃತ್ತುಗಳನ್ನು ಕಾಯದೆ, ದೇಹದ ಸಹಜ ಉಷ್ಣತೆ ಮತ್ತು ಕ್ಷಾರಗುಣದಿಂದಲೇ ರಕ್ತದಲ್ಲಿ ಒಡೆದುಹೋಗುತ್ತವೆ. ದೇಹ ತಣ್ಣಗಾದರೆ ಆ ಒಡೆಯುವಿಕೆ ನಿಧಾನವಾಗುತ್ತದೆ. ರೋಗಿಯನ್ನು ಬೆಚ್ಚಗೆ ಇಡುವುದಕ್ಕೆ ಇದೂ ಒಂದು ಕಾರಣ.

ರೊಕ್ಯುರೋನಿಯಂ ಮುಖ್ಯವಾಗಿ ಯಕೃತ್ತಿನ ಮೂಲಕ ಹೋಗುತ್ತದೆ. ಆದ್ದರಿಂದ ಯಕೃತ್ತಿನ ಕಸಿಯಲ್ಲಿ ಅದರ ಪ್ರಭಾವ ಎಷ್ಟು ಹೊತ್ತು ಇರುವುದೆಂದು ಮೊದಲೇ ಊಹಿಸುವುದು ಕಷ್ಟ. ಮೂತ್ರಪಿಂಡ ಸೋತವರಲ್ಲಿಯೂ ಅದು ಕೆಲವರಿಗೆ ನಿರೀಕ್ಷೆಗಿಂತ ದೀರ್ಘಕಾಲ ನಿಲ್ಲುತ್ತದೆ. ನಿಯೋಸ್ಟಿಗ್ಮಿನ್‌ನ ಅರ್ಧದಷ್ಟು ಭಾಗ ಮೂತ್ರಪಿಂಡದಿಂದ ಹೋಗುವುದರಿಂದ ಅದರ ಪ್ರಭಾವವೂ ಇವರಲ್ಲಿ ಹೆಚ್ಚು ಹೊತ್ತು ಇರುತ್ತದೆ. ಅಟ್ರಾಕ್ಯೂರಿಯಂ ಜೊತೆಗೆ ಕೊಟ್ಟಾಗ ಅದು ಅನುಕೂಲವೇ ಹೌದು.

ಸುಗಮ್ಮಡೆಕ್ಸ್ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದು ಹಿಡಿದುಕೊಂಡ ರೊಕ್ಯುರೋನಿಯಂ ಸಮೇತ ಹೊರಗೆ ಹೋಗಬೇಕಾದದ್ದು ಮೂತ್ರದಲ್ಲಿಯೇ. ಹೊಸ ಮೂತ್ರಪಿಂಡ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಕೆಲಸ ಆರಂಭಿಸಿದರೆ ತೊಂದರೆಯಿಲ್ಲ; ಜೀವಂತ ದಾನಿಯಿಂದ ಬಂದ ಮೂತ್ರಪಿಂಡ ಸಾಮಾನ್ಯವಾಗಿ ಹಾಗೆಯೇ ಮಾಡುತ್ತದೆ. ಮೃತರಿಂದ ಬಂದದ್ದು ಕೆಲವೊಮ್ಮೆ ಚೇತರಿಸಿಕೊಳ್ಳಲು ದಿನಗಳನ್ನೇ ತೆಗೆದುಕೊಳ್ಳುತ್ತದೆ. ಅಲ್ಲಿಯವರೆಗೆ ಡಯಾಲಿಸಿಸ್ ಬೇಕಾಗುವುದೂ ಉಂಟು. ಆಗ ಆ ಜೋಡಿ ಕಣ ರಕ್ತದಲ್ಲಿಯೇ ಸುತ್ತುತ್ತಿರುತ್ತದೆ. ತೀವ್ರ ಮೂತ್ರಪಿಂಡ ವೈಫಲ್ಯದಲ್ಲಿ ಬಳಕೆಯನ್ನು ಶಿಫಾರಸು ಮಾಡುವುದಿಲ್ಲವೆಂದು ಔಷಧಿಯ ಸೂಚನಾಪತ್ರ ಹೇಳುತ್ತದೆ. ಹೀಗಿದ್ದರೂ ಹಲವು ದೇಶಗಳ ತಜ್ಞರು ಇಂಥ ರೋಗಿಗಳಿಗೂ ಅದನ್ನು ವಿವೇಚನೆಯಿಂದ ಕೊಟ್ಟು, ನಿವಾರಣೆ ಚೆನ್ನಾಗಿಯೇ ಆಯಿತೆಂದು ವರದಿ ಮಾಡಿದ್ದಾರೆ. ಇದು ರೋಗಿಯನ್ನು ಕಣ್ಣಾರೆ ಕಂಡ ತಜ್ಞರು ತೀರ್ಮಾನಿಸಬೇಕಾದ ಸಂಗತಿ. ಹೊರಗೆ ಬೆಂಚಿನ ಮೇಲೆ ಕುಳಿತ ಬಂಧುಗಳು ಹಟ ಹಿಡಿಯಬೇಕಾದ ಸಂಗತಿಯಲ್ಲ.

ಕಣ್ಣಂದಾಜು ಸಾಲದು

ನನ್ನ ಅಭಿಪ್ರಾಯವನ್ನು ಇಲ್ಲಿ ಸ್ಪಷ್ಟವಾಗಿ ಹೇಳಬಯಸುತ್ತೇನೆ. ‘ದುಬಾರಿಯ ಔಷಧಿಯನ್ನೇ ಕೊಡಿ’ ಎಂದು ಒತ್ತಾಯಿಸುವುದು ವಿವೇಕವಲ್ಲ. ‘ಯಾವ ಔಷಧಿಯನ್ನಾದರೂ ಕೊಡಿ, ಆದರೆ ಅಳೆದು ನೋಡಿ ನಳಿಕೆ ತೆಗೆಯಿರಿ’ ಎಂದು ಕೇಳುವುದು ವಿವೇಕ.

ಸಡಿಲಿಕೆ ಪೂರ್ತಿ ಇಳಿಯದೆ ನಳಿಕೆ ತೆಗೆದರೆ ಏನಾಗುತ್ತದೆ? ರೋಗಿ ಕಣ್ಣು ತೆರೆಯುತ್ತಾನೆ, ಹೆಸರು ಹೇಳಿದರೆ ತಲೆಯಾಡಿಸುತ್ತಾನೆ. ಆದರೆ ಗಂಟಲಿನ ಸ್ನಾಯು ಬಲಹೀನವಾಗಿರುತ್ತದೆ. ಉಗುಳನ್ನು ನುಂಗಲಾರ, ಗಟ್ಟಿಯಾಗಿ ಕೆಮ್ಮಲಾರ, ಆಳವಾಗಿ ಉಸಿರೆಳೆಯಲಾರ. ನೋಟ ಎರಡೆರಡಾಗಿ ಕಾಣುತ್ತದೆ, ಎದೆಯ ಮೇಲೆ ಕಲ್ಲಿಟ್ಟಂತೆ ಅನಿಸುತ್ತದೆ, ಹೇಳಿಕೊಳ್ಳಲು ಶಕ್ತಿಯಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ; ಉಗುಳು, ಜಠರದ ರಸ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಬೇರೆ ರೋಗಿಗಳಿಗೇ ಇದು ಕಷ್ಟ. ಕಸಿಯಾದವರಿಗೆ ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಔಷಧಿ ಕೊಟ್ಟಿರುತ್ತಾರೆ. ಅವರಿಗೆ ಬಂದ ನ್ಯುಮೋನಿಯಾ ಪ್ರಾಣಾಂತಿಕವಾಗಬಹುದು. ಆಮ್ಲಜನಕದ ಕೊರತೆ ಆಗತಾನೆ ಬೇರೂರಬೇಕಾದ ಹೊಸ ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಇಷ್ಟು ಜನರ ತ್ಯಾಗದಿಂದ ಬಂದ ಅಂಗವು ಕೊನೆಯ ಕಾಲು ಗಂಟೆಯ ಅವಸರದಲ್ಲಿ ಅಪಾಯಕ್ಕೆ ಸಿಲುಕಬಾರದು.

ಅಳೆಯುವ ಉಪಾಯ ಸರಳವಾದದ್ದು. ಮಣಿಕಟ್ಟಿನ ಬಳಿಯ ನರಕ್ಕೆ ಒಂದು ಸಣ್ಣ ಯಂತ್ರದಿಂದ ಎರಡು ಸೆಕೆಂಡುಗಳಲ್ಲಿ ನಾಲ್ಕು ಬಾರಿ ಮೃದುವಾದ ವಿದ್ಯುತ್ ಸ್ಪರ್ಶ ಕೊಡುತ್ತಾರೆ; ಹೆಬ್ಬೆರಳು ನಾಲ್ಕು ಬಾರಿ ಮಿಡಿಯುತ್ತದೆ. ಸಡಿಲಿಕೆ ಉಳಿದಿದ್ದರೆ ಮಿಡಿತಗಳು ಒಂದಕ್ಕಿಂತ ಒಂದು ಕುಗ್ಗುತ್ತ ಹೋಗುತ್ತವೆ. ನಾಲ್ಕನೆಯ ಮಿಡಿತವು ಮೊದಲನೆಯದರ ಶೇಕಡಾ 90ರಷ್ಟಾದರೂ ಇದ್ದಾಗಲೇ ನಳಿಕೆ ತೆಗೆಯಬೇಕೆಂಬುದು ಇಂದು ಒಪ್ಪಿತವಾದ ನಿಯಮ. ಅಮೆರಿಕದ ಅರಿವಳಿಕೆ ತಜ್ಞರ ಸಂಘವು 2023ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಇದನ್ನು ಯಂತ್ರದಿಂದಲೇ ಅಂಕಿಯಲ್ಲಿ ಅಳೆಯಬೇಕೆಂದು ಹೇಳುತ್ತದೆ. ಏಕೆಂದರೆ ಅನುಭವಿ ವೈದ್ಯರ ಕಣ್ಣಿಗೂ ಕೈಗೂ ಶೇಕಡಾ 40ರ ಆಚೆಗಿನ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ. ತಲೆ ಎತ್ತಿ ಐದು ಸೆಕೆಂಡು ಹಿಡಿಯಿರಿ ಎನ್ನುವ ಹಳೆಯ ಪರೀಕ್ಷೆಯನ್ನು ಸಡಿಲಿಕೆ ಉಳಿದವರೂ ಪಾರುಮಾಡಿಬಿಡುತ್ತಾರೆ. ನಾಡಿಯನ್ನು ಬೆರಳಿನಿಂದ ಹಿಡಿದು ಬೆಳೆದ ನಮಗೆ ಈ ಮಾತು ರುಚಿಸದಿರಬಹುದು. ಆದರೂ ಬೆರಳಿಗೆ ಒಂದು ಮಿತಿಯುಂಟೆಂದು ಒಪ್ಪುವುದು ಶಾಸ್ತ್ರಕ್ಕೆ ಅಪಚಾರವಲ್ಲ. ಕಸಿ ನಡೆಯುವ ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಪ್ರತಿಯೊಬ್ಬ ರೋಗಿಗೂ ಈ ಅಳತೆ ನಡೆಯಬೇಕು. ಅದು ದೊಡ್ಡ ಊರಿನ, ದೊಡ್ಡ ಬಿಲ್ಲಿನ ಆಸ್ಪತ್ರೆಗಳ ವೈಭವವಾಗಿ ಉಳಿಯಬಾರದು.

ಬಂಧುಗಳಿಗೂ ಇಲ್ಲಿ ಒಂದು ಮಾತು. ರೋಗಿಯನ್ನು ಹೊರಗೆ ತಂದ ಕೂಡಲೇ ಬಾಯಿಗೆ ನೀರು, ಎಳನೀರು, ಪಾದೋದಕ ಬಿಡುವ ಆತುರ ನಮ್ಮಲ್ಲಿದೆ. ಭಕ್ತಿ ದೊಡ್ಡದು, ಆದರೆ ನುಂಗುವ ಶಕ್ತಿ ಮರಳಿದೆಯೆಂದು ವೈದ್ಯರು ಹೇಳುವ ಮೊದಲು ಒಂದು ಹನಿಯೂ ಬಾಯಿಗೆ ಹೋಗಬಾರದು. ಹಣೆಗೆ ವಿಭೂತಿ ಧರಿಸಲು ಅಡ್ಡಿಯಿಲ್ಲ. ಎಳನೀರು, ರಸಬಾಳೆಗಳಲ್ಲಿ ಪೊಟ್ಯಾಶಿಯಂ ಹೆಚ್ಚಾಗಿರುವುದರಿಂದ ಹೊಸ ಮೂತ್ರಪಿಂಡ ಸ್ಥಿರವಾಗುವವರೆಗೆ ಅವುಗಳ ವಿಷಯದಲ್ಲಿ ವೈದ್ಯರ ಅಪ್ಪಣೆಯೇ ಪ್ರಮಾಣ. ಶಸ್ತ್ರಕರ್ಮಕ್ಕೆ ಮುನ್ನ ರೋಗಿಗೆ ಆಹಾರ ಕೊಡಬೇಕು, ಮದ್ಯದ ಅಭ್ಯಾಸವಿರುವವನಿಗೆ ಮದ್ಯವನ್ನೂ ಕೊಡಬಹುದು ಎಂಬ ವಿಧಾನ ಸುಶ್ರುತ ಸಂಹಿತೆಯಲ್ಲಿದೆ. ಅದು ಸ್ನಾಯು ಸಡಿಲಿಸುವ ಔಷಧಿ ಇಲ್ಲದ ಕಾಲದ, ರೋಗಿ ತಾನೇ ಉಸಿರಾಡುತ್ತಿದ್ದ ಸಂದರ್ಭದ ವಿಧಾನ. ಇಂದು ಗಂಟಲಿನ ಕಾವಲು ಸಡಿಲವಾಗುವುದರಿಂದ ಉಪವಾಸವೇ ವಿಧಿ. ಕಾಲವನ್ನು ನೋಡಿ ಶಾಸ್ತ್ರವನ್ನು ಅನ್ವಯಿಸಬೇಕು.

ನಮ್ಮ ಔಷಧಿಗಳನ್ನು ಮುಚ್ಚಿಡಬೇಡಿ

‘ಇಂಗ್ಲಿಷ್ ಡಾಕ್ಟರಿಗೆ ಹೇಳಿದರೆ ಬೈಯುತ್ತಾರೆ’ ಎಂದು ನಾಟಿ ಔಷಧಿಯನ್ನೂ ಆಯುರ್ವೇದ ಔಷಧಿಯನ್ನೂ ಮರೆಮಾಚುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಹೇಳಬೇಡಿ ಎಂದು ಸಲಹೆ ಕೊಡುವ ವೈದ್ಯ ಮಿತ್ರರೂ ಇದ್ದಾರೆ. ಇದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ನಮ್ಮ ಔಷಧಿಗೆ ಶಕ್ತಿಯಿದೆಯೆಂದು ನಂಬುವವರು, ಆ ಶಕ್ತಿ ಬೇರೆ ಔಷಧಿಯ ಮೇಲೂ ಪರಿಣಾಮ ಮಾಡೀತೆಂದು ಒಪ್ಪಲೇಬೇಕು.

ಕೆಲವು ಉದಾಹರಣೆ ಕೊಡುತ್ತೇನೆ. ಕೆಮ್ಮಿಗೆ, ಹೊಟ್ಟೆಯುರಿಗೆ ನಾವು ಕೊಡುವ ಜೇಷ್ಠಮಧುವನ್ನು ಬಹುದಿನ ಸೇವಿಸಿದರೆ ರಕ್ತದಲ್ಲಿ ಪೊಟ್ಯಾಶಿಯಂ ಇಳಿದು ರಕ್ತದೊತ್ತಡ ಏರಬಹುದು. ಪೊಟ್ಯಾಶಿಯಂ ತಗ್ಗಿದವರಲ್ಲಿ ಸ್ನಾಯು ಸಡಿಲಿಕೆ ಹೆಚ್ಚು ಕಾಲ ನಿಲ್ಲುತ್ತದೆ. ಉಬ್ಬಸಕ್ಕೆ ಕೊಡುವ ಕನಕಾಸವದಲ್ಲಿ ದತ್ತೂರವಿದೆ. ಅದರ ಗುಣ ನಿಯೋಸ್ಟಿಗ್ಮಿನ್ ಜೊತೆ ಕೊಡುವ ಅಟ್ರೊಪಿನ್‌ನ ಗುಣವೇ. ಅಶ್ವಗಂಧವು ನಿದ್ರಾಜನಕ ಔಷಧಿಗಳ ಪ್ರಭಾವವನ್ನು ಹೆಚ್ಚಿಸಬಹುದು. ನಸುಗುನ್ನಿ ಬೀಜದಲ್ಲಿರುವ ಅಂಶ ರಕ್ತದೊತ್ತಡವನ್ನು ಏರುಪೇರು ಮಾಡಬಹುದು. ಗುಗ್ಗುಲು, ಹೆಚ್ಚಿನ ಪ್ರಮಾಣದ ಬೆಳ್ಳುಳ್ಳಿಗಳು ರಕ್ತಸ್ರಾವಕ್ಕೆ ಎಡೆಮಾಡಬಹುದು. ಕಸಿಯಾದ ಮೇಲೆ ‘ಶಕ್ತಿ ಬರಲಿ’ ಎಂದು ಮನೆಯವರು ಕುಡಿಸುವ ಅಮೃತಬಳ್ಳಿಯ ಕಷಾಯವು ರೋಗನಿರೋಧಕ ಶಕ್ತಿಯನ್ನು ಕೆರಳಿಸಿ, ಹೊಸ ಅಂಗವನ್ನು ಕಾಯುವ ಔಷಧಿಗೆ ವಿರುದ್ಧವಾಗಿ ನಿಲ್ಲಬಹುದು. ಪಾದರಸ, ಸೀಸಗಳಿರುವ ರಸೌಷಧಿಗಳಂತೂ ಮೂತ್ರಪಿಂಡ ಸೋತವರು ಹತ್ತಿರವೂ ಸುಳಿಯಬಾರದವು. ಇವು ಒಳ್ಳೆಯ ಔಷಧಿಗಳಲ್ಲವೆಂದು ಹೇಳುತ್ತಿಲ್ಲ. ಈ ರೋಗಿಗೆ, ಈ ಕಾಲಕ್ಕೆ ಸಲ್ಲವೆಂದು ಹೇಳುತ್ತಿದ್ದೇನೆ.

ರೈತ ಬಂಧುಗಳು ಇನ್ನೊಂದು ವಿಷಯವನ್ನೂ ತಿಳಿಸಬೇಕು. ಭತ್ತ, ತರಕಾರಿಗಳಿಗೆ ಸಿಂಪಡಿಸುವ ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್ ಜಾತಿಯ ಕೀಟನಾಶಕಗಳು ಕಟ್ಟುವುದು ನಿಯೋಸ್ಟಿಗ್ಮಿನ್ ಕಟ್ಟುವ ಅದೇ ಕಿಣ್ವದ ಸೋರಿಕೆಯನ್ನು, ಅದೂ ದೀರ್ಘಕಾಲ. ಇತ್ತೀಚಿನ ವಾರಗಳಲ್ಲಿ ಔಷಧಿ ಹೊಡೆದಿದ್ದರೆ, ಹೊಡೆಯುವಾಗ ತಲೆ ಸುತ್ತಿ ವಾಂತಿಯಾಗಿದ್ದರೆ, ರೋಗಿಯ ವಿಷಯದಲ್ಲಿಯೂ ದಾನಿಯ ವಿಷಯದಲ್ಲಿಯೂ ಅದನ್ನು ಅರಿವಳಿಕೆ ತಜ್ಞರಿಗೆ ಹೇಳಿ. ಹಾಗೆಯೇ ಮನೆತನದಲ್ಲಿ ಯಾರಿಗಾದರೂ ಹಿಂದೆ ಶಸ್ತ್ರಚಿಕಿತ್ಸೆಯ ಅನಂತರ ಉಸಿರು ಮರಳಲು ಗಂಟೆಗಟ್ಟಲೆ ತಡವಾಗಿದ್ದರೆ ಅದನ್ನೂ ಮರೆಯದೆ ತಿಳಿಸಿ. ಸಕ್ಸಿನೈಲ್‌ಕೋಲಿನ್ ಎಂಬ ಸಡಿಲಿಕೆಯ ಔಷಧಿಯನ್ನು ಒಡೆಯುವ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುವವರಿದ್ದಾರೆ. ದಕ್ಷಿಣ ಭಾರತದ ಆರ್ಯವೈಶ್ಯ ಕುಟುಂಬಗಳಲ್ಲಿ ಇದು ಹೆಚ್ಚಾಗಿ ಕಂಡುಬಂದಿದೆ. ಮೊದಲೇ ಗೊತ್ತಿದ್ದರೆ ಬೇರೆ ಔಷಧಿ ಬಳಸಿ ಅಪಾಯವನ್ನು ಸುಲಭವಾಗಿ ತಪ್ಪಿಸಬಹುದು.

ದಾನಿಯ ಕಡೆಯಿಂದ ನೋಡಿದಾಗ

ಕಸಿಯ ದಿನ ಎರಡು ಮೇಜುಗಳ ಮೇಲೆ ಇಬ್ಬರು ಮಲಗಿರುತ್ತಾರೆ. ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಬಹುಪಾಲು ಮಹಿಳೆಯರು. ಮನೆಯವರೆಲ್ಲರ ಕಣ್ಣು ರೋಗಿಯ ಮೇಲಿರುವಾಗ, ಯಾವ ಕಾಯಿಲೆಯೂ ಇಲ್ಲದೆ ತನ್ನ ದೇಹವನ್ನು ಕತ್ತಿಗೆ ಒಡ್ಡಿದ ಆ ತಾಯಿ ಪೂರ್ತಿ ಎಚ್ಚೆತ್ತಳೇ ಎಂದು ವಿಚಾರಿಸುವವರು ಕಡಿಮೆ. ಅವಳ ಹೆಬ್ಬೆರಳಿನ ಮಿಡಿತವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಅಳೆಯಬೇಕು. ಗರ್ಭನಿರೋಧಕ ಮಾತ್ರೆ ಸೇವಿಸುವ ಸೋದರಿಯರಿಗೆ ಸುಗಮ್ಮಡೆಕ್ಸ್ ಕೊಟ್ಟರೆ ಆ ಮಾತ್ರೆಯ ಪ್ರಭಾವ ತಗ್ಗುತ್ತದೆ. 7 ದಿನ ಬೇರೆ ಎಚ್ಚರಿಕೆ ಬೇಕೆಂಬುದನ್ನು ಸಂಕೋಚವಿಲ್ಲದೆ ತಿಳಿದುಕೊಳ್ಳಬೇಕು.

ಮಿದುಳು ನಿಷ್ಕ್ರಿಯವಾದವರ ಅಂಗದಾನದಲ್ಲಿ ಇದೇ ಔಷಧಿಯ ಪ್ರಶ್ನೆ ಇನ್ನೊಂದು ರೂಪದಲ್ಲಿ ಬರುತ್ತದೆ. ‘ಔಷಧಿ ಕೊಟ್ಟು ಅಲುಗಾಡದಂತೆ ಮಾಡಿ ಸತ್ತರೆಂದು ಹೇಳಿದರೆ?’ ಎಂಬ ಸಂಶಯ ಹಳ್ಳಿಗಳಲ್ಲಿದೆ. ಸಂಶಯ ಪಡುವುದು ತಪ್ಪಲ್ಲ. ಅದಕ್ಕೆ ಉತ್ತರ ನಿಯಮಗಳಲ್ಲಿಯೇ ಇದೆ. ಸ್ನಾಯು ಸಡಿಲಿಸುವ ಔಷಧಿಯಾಗಲಿ ನಿದ್ರೆಯ ಔಷಧಿಯಾಗಲಿ ದೇಹದಲ್ಲಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳದೆ ಮಿದುಳು ಸಾವಿನ ಪರೀಕ್ಷೆಯನ್ನು ಆರಂಭಿಸುವಂತೆಯೇ ಇಲ್ಲ. 1994ರ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ, ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಸಹಿ ಮಾಡಬೇಕು. ಕಸಿ ಮಾಡುವ ತಂಡದವರು ಆ ಮಂಡಳಿಯಲ್ಲಿ ಇರುವಂತಿಲ್ಲ. ‘ಸಡಿಲಿಕೆಯ ಔಷಧಿ ಇಳಿದಿದೆಯೇ, ಹೇಗೆ ನೋಡಿದಿರಿ?’ ಎಂದು ಕೇಳುವ ಅಧಿಕಾರ ಕುಟುಂಬಕ್ಕೆ ಇದೆ. ಮರಣ ಘೋಷಣೆಯಾದ ಮೇಲೆ ಅಂಗ ತೆಗೆಯುವಾಗ ಸಡಿಲಿಕೆಯ ಔಷಧಿಯನ್ನು ಮತ್ತೆ ಕೊಡುತ್ತಾರೆ. ಬೆನ್ನುಹುರಿ ತಾನಾಗಿ ಮಾಡುವ ಚಲನೆಯನ್ನು ತಡೆಯಲಿಕ್ಕಾಗಿ ಅದು. ಆ ಚಲನೆ ನೋವಿನ ಲಕ್ಷಣವಲ್ಲ.

2021ರ ಜೂನ್ ತಿಂಗಳಿನಲ್ಲಿ ಬೈಕ್ ಅಪಘಾತದಲ್ಲಿ ಮಿದುಳು ನಿಷ್ಕ್ರಿಯವಾದ ನಟ ಸಂಚಾರಿ ವಿಜಯ್ ಅವರ ಮೂತ್ರಪಿಂಡ ಮುಂತಾದ ಅಂಗಗಳನ್ನು ಅವರ ಕುಟುಂಬ ದಾನ ಮಾಡಿದ್ದು ನಾಡಿಗೆಲ್ಲ ತಿಳಿದಿದೆ. ಅಂಗಗಳನ್ನು ತೆಗೆದ ಮೇಲೆ ದೇಹವನ್ನು ಹೊಲಿದು ಗೌರವದಿಂದ ಮನೆಯವರಿಗೆ ಒಪ್ಪಿಸುತ್ತಾರೆ. ಕುಳ್ಳಿರಿಸಿ ಸಮಾಧಿ ಮಾಡುವ ನಮ್ಮ ಸಂಸ್ಕಾರಕ್ಕೆ ಅದರಿಂದ ಅಡ್ಡಿಯಿಲ್ಲ. ಅನ್ನವನ್ನು ಹಂಚುವುದು ದಾಸೋಹವಾದರೆ, ಮಣ್ಣಿಗೆ ಸೇರಲಿರುವ ಅಂಗವನ್ನು ಹಂಚಿ ಇನ್ನೊಂದು ಮನೆಯ ದೀಪವನ್ನು ಉಳಿಸುವುದು ಅದಕ್ಕಿಂತ ಕಡಿಮೆಯ ದಾಸೋಹವಲ್ಲ ಎಂಬುದು ನನ್ನ ವಿನಮ್ರ ಭಾವನೆ.

ಸದ್ಭಕ್ತರಲ್ಲಿ ವಿನಂತಿ

ಕಸಿಗೆ ಸಿದ್ಧರಾಗುವವರು ಮತ್ತು ಅವರ ಬಂಧುಗಳು ಇಷ್ಟನ್ನು ಮಾಡಬೇಕೆಂದು ಕೋರುತ್ತೇನೆ. ಶಸ್ತ್ರಚಿಕಿತ್ಸೆಗೆ ಕೆಲವು ದಿನ ಮೊದಲೇ ಅರಿವಳಿಕೆ ತಜ್ಞರನ್ನು ಭೇಟಿಯಾಗಿ, ಮನೆಯಲ್ಲಿರುವ ಎಲ್ಲ ಔಷಧಿಗಳ ಡಬ್ಬಿ, ಸೀಸೆ, ಪೊಟ್ಟಣಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮುಂದಿಡಿ. ಯಾವುದನ್ನು ಎಂದಿನಿಂದ ನಿಲ್ಲಿಸಬೇಕೆಂದು ಕೇಳಿ ಬರೆದುಕೊಳ್ಳಿ. ಸಡಿಲಿಕೆಯ ನಿವಾರಣೆಗೆ ಯಾವ ಔಷಧಿ ಕೊಡುವಿರಿ, ಹೆಬ್ಬೆರಳಿನ ಮಿಡಿತವನ್ನು ಯಂತ್ರದಿಂದ ಅಳೆಯುವಿರಾ ಎಂದು ವಿನಯದಿಂದ ಕೇಳಿ. ಈ ಪ್ರಶ್ನೆಯಿಂದ ಒಳ್ಳೆಯ ವೈದ್ಯರು ಮುನಿಯುವುದಿಲ್ಲ. ಅಳೆಯುವವರಿಗೆ ಸಂತೋಷವೇ ಆಗುತ್ತದೆ. ಎಚ್ಚೆತ್ತ ರೋಗಿ ತಲೆಯೆತ್ತಲಾರದೆ, ಮಾತು ತೊದಲುತ್ತ, ಉಸಿರನ್ನು ಮೇಲೆ ಮೇಲೆ ಎಳೆಯುತ್ತಿದ್ದರೆ ‘ಇನ್ನೂ ಮತ್ತು ಇಳಿದಿಲ್ಲ’ ಎಂದು ಸುಮ್ಮನಿರದೆ ಕೂಡಲೇ ದಾದಿಯರನ್ನು ಕರೆಯಿರಿ. ಕಸಿಯಾದವರು ಮುಂದೆ ಹರ್ನಿಯಾದಂಥ ಸಣ್ಣ ಶಸ್ತ್ರಚಿಕಿತ್ಸೆಗೆ ಹೋದರೂ ತಮ್ಮ ಕಸಿಯ ವಿಷಯವನ್ನು ಮೊದಲ ಮಾತಾಗಿ ಹೇಳಬೇಕು. ಕಸಿಯಾದ ಹೃದಯಕ್ಕೆ ನರಗಳ ಸಂಪರ್ಕ ತಪ್ಪಿರುವುದರಿಂದ ಅಂಥವರಿಗೆ ನಿಯೋಸ್ಟಿಗ್ಮಿನ್ ಕೊಡುವಾಗ ವಿಶೇಷ ಎಚ್ಚರಿಕೆ ಬೇಕು.

ವೈದ್ಯ ಪದ್ಧತಿಗಳು ಹಲವಾದರೂ ರೋಗಿಯ ಉಸಿರು ಒಂದೇ. ಅದನ್ನು ಸ್ವಲ್ಪ ಹೊತ್ತು ಒತ್ತೆಯಿಟ್ಟುಕೊಂಡವರು ಅಳೆದು, ತೂಗಿ, ಪೂರ್ತಿಯಾಗಿ ಹಿಂದಿರುಗಿಸಬೇಕು. ಒಪ್ಪಿಸಿದವರು ಏನನ್ನೂ ಮುಚ್ಚಿಡದೆ ಒಪ್ಪಿಸಬೇಕು. ಈ ಎರಡೂ ಕೂಡಿದಲ್ಲಿ ಕಸಿ ಸಾರ್ಥಕವಾಗುತ್ತದೆ.